ಒಪ್ಪಂದ ಟೈಪು ಮಾಡಿದ ಅಕ್ಕ

ಯುದ್ಧ ನಿಲ್ಲಿಸುವ ಮಾತುಕತೆ ನಡೆದ ಹೋಟೆಲಿನ ಮೂರನೆಯ ಮಹಡಿಯಲ್ಲಿ ಹತ್ತೊಂಬತ್ತು ದಿನ ಕೂತು ಒಪ್ಪಂದವನ್ನು ಟೈಪು ಮಾಡಿದವಳು ಅವಳೇ. ಎರಡೂ ಕಡೆಯವರು ಅವಳನ್ನು ಟೈಪಿಸ್ಟಕ್ಕ ಎನ್ನುತ್ತಿದ್ದರು. ಹಾವು ಮುಂಗುಸಿಗಳಂತಿದ್ದವರು ಮೊದಲು ಒಪ್ಪಿದ್ದು ಆ ಹೆಸರೊಂದನ್ನೇ ಎಂದು ಕಾವಲಿನವನು ನಗುತ್ತಿದ್ದ. ಹಾಳೆಗೆ ಎರಡು ಪ್ರತಿ: ಇವರದರಲ್ಲಿ ಇವರ ಹೆಸರು ಮುಂದೆ, ಅವರದರಲ್ಲಿ ಅವರದು. ಒಮ್ಮೆ ಅದಲುಬದಲಾಗಿ ಅರ್ಧ ದಿನ ಮಾತೇ ನಿಂತಿತ್ತು.

ಬಂದೂಕು ಸುಮ್ಮನಾಗಿ ಹನ್ನೆರಡು ವರ್ಷವಾದ ಮೇಲೆ ಪುಸ್ತಕ ಬರೆಯುವವರು ಅವಳ ಮನೆಗೆ ಬರತೊಡಗಿದರು. ಗೆದ್ದವ ಸೋತ, ಸೋತವ ಸತ್ತ ಎಂಬಂತಾಗಿ ಇಬ್ಬರೂ ದಣಿದಿದ್ದರು, ಹಣ್ಣು ತಾನಾಗಿ ಮಾಗಿ ಬಿತ್ತು ಎಂದರು ಮೊದಲು ಬಂದ ಮೇಷ್ಟ್ರು. ಅವಳು ಹೌದು ಸಾರ್ ಎಂದಳು. ಎರಡನೆಯ ಮೇಡಂ ಮೂಗು ಮುರಿದರು. ದೊಡ್ಡ ದೇಶಗಳು ಕಿವಿ ಹಿಂಡಿ ಜಾಮೀನು ನಿಲ್ಲದಿದ್ದರೆ ಆ ಹಣ್ಣು ಮರದಲ್ಲೇ ಕೊಳೆಯುತ್ತಿತ್ತಂತೆ. ಅದಕ್ಕೂ ಹೌದು ಎಂದಳು.

ಯಾರು ಬಂದರೂ ಒಳಕೋಣೆಯಿಂದ ತಾಯಿ, ಹುಡುಗನ ಸುದ್ದಿ ತಂದರೇನೇ ಎಂದು ಕೇಳುತ್ತಿದ್ದಳು. ಹುಡುಗನೆಂದರೆ ಟೈಪಿಸ್ಟಕ್ಕನ ತಮ್ಮ. ಯುದ್ಧದ ದಿನಗಳಲ್ಲಿ ಅವನನ್ನು ಬಸ್ಸಿನಿಂದ ಇಳಿಸಿಕೊಂಡು ಹೋದವರು ಯಾವ ಕಡೆಯವರೆಂದೂ ತಿಳಿಯಲಿಲ್ಲ.

ಮೂರನೆಯವನು ಸಂಶೋಧಕ, ಎಳೆಯ. ಒಟ್ಟಿಗೆ ಕೂತು ಕೂತು ನಂಬಿಕೆ ಹುಟ್ಟಿತು ಎಂಬುದು ಅವನ ವಾದ. ಆದರೆ ಅವನು ಬೇರಾರೂ ಕೇಳದ್ದನ್ನು ಕೇಳಿದ: "ನಿಮಗೇನನ್ಸತ್ತೆ ಅಕ್ಕ?"

ತಾಯಿಗೂ ಹೇಳದೆ ನುಂಗಿಕೊಂಡಿದ್ದದ್ದು ಆಗ ಹೊರಬಿತ್ತು. ಹನ್ನೊಂದನೆಯ ಕಲಮಿನಲ್ಲಿ, ಹಿಡಿದೊಯ್ದವರನ್ನು ಎಲ್ಲೆಲ್ಲಿ ಹೂತಿದ್ದೇವೆಂದು ಎರಡೂ ಕಡೆಯವರು ತಿಳಿಸಬೇಕು ಎಂದಿತ್ತು. ಮಾತು ಅಲ್ಲೇ ಸಿಕ್ಕಿಹಾಕಿಕೊಂಡಿತು. ಹದಿನೆಂಟನೆಯ ದಿನ ಇಬ್ಬರು ಮುಖಂಡರೂ ಜೊತೆಯಾಗಿ ಅವಳ ಮೇಜಿನ ಬಳಿ ಬಂದರು, ಅದನ್ನು ತೆಗೆದುಬಿಡು ಎಂದರು.

"ತೆಗೆದೆ. ಹನ್ನೆರಡನೇದು ಹನ್ನೊಂದಾಯ್ತು. ಮಾರನೇ ದಿನ ಸಹಿ ಹಾಕಿದ್ರು."

ಸಂಶೋಧಕ ಬರೆಯುವುದನ್ನು ನಿಲ್ಲಿಸಿದ. ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಎಷ್ಟು ಸಾಲಿತ್ತೇ ಅದು?"

"ನಾಲ್ಕು, ಅಮ್ಮ."

"ಬಾಯಿಗೆ ಬರತ್ತಾ? ಹೇಳು."

ಅವಳು ಗೋಡೆ ನೋಡುತ್ತ ಹೇಳಿದಳು. ನಾಲ್ಕೂ ಸಾಲು, ಅಲ್ಪವಿರಾಮ ಪೂರ್ಣವಿರಾಮ ಸಮೇತ, ಇನ್ನೊಬ್ಬರಿಗೆ ಟೈಪಿಗೆ ಹೇಳಿಕೊಡುವವಳ ಹಾಗೆ, ಎಲ್ಲೂ ತಡವರಿಸದೆ.

"ಚೆನ್ನಾಗೇ ಬರೆದಿದ್ರಲ್ಲ," ಎಂದು ತಾಯಿ ಅಲ್ಲೇ ಹೊಸ್ತಿಲ ಮೇಲೆ ಕೂತಳು.