ಲೇಬಲ್ ಮೇಷ್ಟ್ರ ಹಟ

ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಮೇಷ್ಟ್ರು ಉದ್ದ ಬಿಟ್ಟಿದ್ದರು. ಅದರಡಿ ಯಾವಾಗಲೂ ಒಣಗಿದ ಗೋಂದು. ಕಂಡ ಕಂಡ ಲೇಬಲ್ಲನ್ನೆಲ್ಲ ಆ ಉಗುರಿನಿಂದ ಕೆರೆದು ನೋಡುವುದು ಅವರ ಚಾಳಿ. ರಾಜಾಜಿನಗರದ ದರ್ಶಿನಿಗೆ ಕಾಫಿಗೆ ಹೋದರೆ ಕೈ ತೊಳೆಯುವಲ್ಲಿನ ಸೋಪಿನ ಬಾಟಲಿಯನ್ನೂ ಬಿಡುತ್ತಿರಲಿಲ್ಲ. "ನೋಡಮ್ಮಾ, ಒಂದೇ ಏಟಿಗೆ ಕಿತ್ಕೊಂಡ್ ಬಂತು. ನಾಳೆ ಇದ್ರಲ್ಲಿ ಏನ್ ತುಂಬಿದ್ರೂ ಗೊತ್ತಾಗಲ್ಲ!" ಕ್ಯಾಷಿಯರ್ ದುರುಗುಟ್ಟಿಕೊಂಡು ನೋಡುತ್ತಿದ್ದ. ನನ್ನ ಮಾನ ಹರಾಜಾಗುತ್ತಿತ್ತು.

ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಂತ್ರಗಳ ಗ್ರೀಸು ತೆಗೆಯುವ ದ್ರಾವಣ ತಯಾರಿಸುವ ಸಣ್ಣ ಕಾರ್ಖಾನೆ ನಮ್ಮದು. ಮಾಲು ಕಳಿಸುವ ಕೆಲಸ ನನ್ನದು. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದ ಅವರು ಸುರಕ್ಷತೆಯ ಸಲಹೆಗಾರರಾಗಿ ಬಂದರು. ಬಂದ ತಿಂಗಳಿಗೇ ಎಲ್ಲರ ಬಾಯಲ್ಲೂ 'ಲೇಬಲ್ ಮೇಷ್ಟ್ರು' ಆದರು.

ಅಬ್ಬಾ, ಅವರ ಕಾಟವೇ! ದ್ರಾವಣ ಒಂದೇ. ಒಂದು ದೇಶಕ್ಕೆ ಹೋಗುವ ಡ್ರಮ್ಮಿಗೆ 'ಅಪಾಯ' ಎಂದು ಬರೆಯಬೇಕು, ಇನ್ನೊಂದು ದೇಶಕ್ಕೆ 'ಎಚ್ಚರಿಕೆ' ಸಾಕು. ಎಲ್ಲ ದೇಶಗಳೂ ಒಟ್ಟಿಗೆ ಕೂತು ಲೇಬಲ್ಲಿಗೆಲ್ಲ ಒಂದೇ ಕ್ರಮವೆಂದು ಒಪ್ಪಿಕೊಂಡಿದ್ದವಂತೆ. ಆಮೇಲೆ ಊರಿಗೆ ಹೋಗಿ ತಮಗೆ ಬೇಕಾದಷ್ಟನ್ನೇ ಇಟ್ಟುಕೊಂಡವಂತೆ. ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಿದ್ದರೆ ಮೇಷ್ಟ್ರು ತಣ್ಣಗೆ, "ಎಲ್ಲಾ ಕಿತ್ತು ಬೇರೆ ಅಂಟ್ಸಿ" ಎನ್ನುತ್ತಿದ್ದರು. "ಸಾರ್, ಒಳಗಿರೋದು ಅದೇ ಮಾಲು ತಾನೇ?" ಎಂದರೆ, "ಅದನ್ನೇ ನಾನೂ ಕೇಳ್ತಿರೋದು. ದೇಶ ಬದಲಾದ್ರೆ ಚರ್ಮ ಬದಲಾಗುತ್ತೇನಮ್ಮಾ?" ಎಂದು ನನಗೇ ತಿರುಗಿ ಕೇಳುತ್ತಿದ್ದರು.

ಅವರಿಗಿದ್ದ ಹಟ ಒಂದೇ. ಹೊರಗಿನವರಿಗೆ ಹಾಕುವ ಅತಿ ಕಟ್ಟುನಿಟ್ಟಿನ ಲೇಬಲ್ಲನ್ನೇ, ಹನಿ ಬಿದ್ದು ಕೈಯ ಚರ್ಮ ಸುಡುವ ಚಿತ್ರದ ಸಮೇತ, ಕನ್ನಡದಲ್ಲಿ ಬರೆಸಿ ನಮ್ಮೂರಿನ ಡ್ರಮ್ಮುಗಳಿಗೂ ಹಾಕಬೇಕು. ನಮ್ಮೂರಿನ ಡ್ರಮ್ಮಿನ ಮೇಲೆ ಇರುತ್ತಿದ್ದದ್ದು ಬರೀ ಮಾಲಿನ ಹೆಸರು, ಜೊತೆಗೆ ಒಂದು ಕಮಲದ ಹೂವಿನ ಚಿತ್ರ.

"ಲೋಕಲ್‌ಗೆ ಯಾಕ್ ಸಾರ್ ಆ ಭಯ ಬೀಳ್ಸೋ ಚಿತ್ರ? ಗಿರಾಕಿ ಓಡೋಗ್ತಾನೆ. ಯಾರೂ ಕೇಳ್ತಾನೂ ಇಲ್ಲ," ಎಂದು ಓನರ್ ತಳ್ಳಿಹಾಕುತ್ತಿದ್ದರು.

"ಹೊರದೇಶದವ್ರ ಕೈ ಕೈ, ನಮ್ಮೋರ ಕೈ ಏನು ಸೌಟಾ?" ಎಂದು ಮೇಷ್ಟ್ರು ಎದ್ದು ಹೋಗುತ್ತಿದ್ದರು. ಮರುದಿನ ಮತ್ತೆ ಅದೇ ರಾಗ. ಇಬ್ಬರ ನಡುವೆ ನಾನು ಅಡಕತ್ತರಿಯ ಅಡಿಕೆ.

ಒಮ್ಮೆ ಮಗಳ ಹುಟ್ಟುಹಬ್ಬಕ್ಕೆಂದು ಮೇಷ್ಟ್ರನ್ನು ಹೇರೋಹಳ್ಳಿಯ ನಮ್ಮ ಮನೆಗೆ ಕರೆದೆ. ಬುದ್ಧಿ ಇಲ್ಲದ ಕೆಲಸ. ಬಾಗಿಲ ಪಕ್ಕದಲ್ಲಿ ಗುಜರಿಯಿಂದ ತಂದ ಸಣ್ಣ ನೀಲಿ ಡ್ರಮ್ಮಿತ್ತು. ಆಗಷ್ಟೇ ಟ್ಯಾಂಕರ್ ನೀರು ತುಂಬಿಸಿದ್ದೆವು. ಮೇಷ್ಟ್ರ ಉಗುರು ನೇರ ಅಲ್ಲಿಗೇ ಹೋಯಿತು. ಹಳೆಯ ಗೋಂದಿನ ಕಲೆಯೊಂದು ಬಿಟ್ಟರೆ ಏನೂ ಇರಲಿಲ್ಲ.

"ಇದ್ರಲ್ಲಿ ಮೊದಲು ಏನಿತ್ತು?"

"ಜ್ಯೂಸ್ ಅಂದ, ಗುಜರಿಯವ್ನು," ಎಂದರು ನನ್ನ ಅತ್ತೆ.

"ಮಗೂಗೆ ಇದೇ ನೀರಲ್ಲಿ ಸ್ನಾನಾನಾ?" ಎಂದವರೇ ಎರಡೂ ಕೈ ಕೊಟ್ಟು ಡ್ರಮ್ಮನ್ನು ಉರುಳಿಸಿಬಿಟ್ಟರು! ನೆಂಟರ ಚಪ್ಪಲಿಗಳೆಲ್ಲ ತೇಲಿದವು. "ಅಯ್ಯೋ, ಈ ಮನುಷ್ಯನಿಗೆ ತಲೆ ಕೆಟ್ಟಿದೆಯೇನೇ!" ಎಂದು ಅತ್ತೆ ಕಿರುಚಿದರು. ಮರುದಿನ ಬೆಳಿಗ್ಗೆ ಮೇಷ್ಟ್ರು ಆಟೋದಲ್ಲಿ ಹೊಸ ಡ್ರಮ್ಮು ತಂದಿಳಿಸಿದರು, ಒಂದು ಮಾತಿನ ಕ್ಷಮೆಯೂ ಇಲ್ಲದೆ. ಹಳೆಯದರಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೇ ಆಮೇಲಾಮೇಲೆ ನನ್ನನ್ನು ಹೆದರಿಸತೊಡಗಿತು.

ಹೋದ ವರ್ಷ ಮೇಷ್ಟ್ರು ವಾಕಿಂಗ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋಗಿಬಿಟ್ಟರು. ಇದ್ದಷ್ಟು ದಿನ ಅವರ ಹಟ ಗೆಲ್ಲಲೇ ಇಲ್ಲ. ತಿಥಿ ಮುಗಿದ ಮೇಲೆ ಊರೊಳಗಿನ ಪೀಣ್ಯಕ್ಕೇ ಮಾಲು ಹೊರಟಿತು, ಅದೇ ಕಮಲದ ಹೂವಿನೊಂದಿಗೆ. ನನಗೆ ಏನಾಯಿತೋ, ಗೇಟ್ ಪಾಸಿಗೆ ಸಹಿ ಹಾಕುವುದಿಲ್ಲ ಎಂದು ಕೂತುಬಿಟ್ಟೆ. ಓನರ್ ಕೂಗಾಡಿದರು, ಕೆಲಸದಿಂದ ತೆಗೆಯುತ್ತೇನೆ ಎಂದರು. ನಾನು ಅಲ್ಲಾಡಲಿಲ್ಲ. ಕೊನೆಗೆ, "ಆ ಮನುಷ್ಯ ಹೋದ್ರೂ ಬಿಡಲ್ವಲ್ಲಪ್ಪಾ! ಏನಾದ್ರೂ ಅಂಟಿಸ್ಕೊಂಡ್ ಸಾಯಿ," ಎಂದು ಒಳಗೆ ಹೋದರು.

ಕನ್ನಡದ ಲೇಬಲ್ ಮುದ್ರಣವಾಗಿ ಬಂದ ದಿನ ನಾನೇ ನಿಂತು ಅಂಟಿಸಿದೆ. ಹತ್ತು ವರ್ಷದಿಂದ ನಮ್ಮ ಲೋಕಲ್ ಮಾಲು ಸಾಗಿಸುವ ಲಾರಿ ಡ್ರೈವರ್ ಹತ್ತಿರ ಬಂದು, ಆ ಚಿತ್ರವನ್ನು ನೋಡಿ, ಅಕ್ಷರ ಅಕ್ಷರ ಕೂಡಿಸಿ ಓದಿದ. ಬೆರಳ ಸಂದಿಯಲ್ಲೆಲ್ಲ ಬಿರುಕು ಬಿಟ್ಟ ಎರಡೂ ಅಂಗೈಯನ್ನು ನನ್ನ ಮುಂದೆ ಹಿಡಿದ.

"ದಿನಾ ಇದ್ರಲ್ಲೇ ಕೈ ತೊಳ್ಕೋತಿದ್ನಲ್ಲ ಮೇಡಂ. ಗ್ರೀಸು ಚೆನ್ನಾಗ್ ಹೋಗುತ್ತೆ ಅಂತ. ಇಷ್ಟ್ ವರ್ಷ ಯಾರೂ ಹೇಳ್ಲೇ ಇಲ್ಲ."

ನನಗೆ ಮೇಷ್ಟ್ರ ಮೇಲೇ ಕೆಂಡದಂಥ ಕೋಪ ಬಂತು. ಇದಕ್ಕೆ ಉತ್ತರ ಹೇಳಬೇಕಾದ ಹೊತ್ತಿನಲ್ಲೇ ಅವರು ಇರಲಿಲ್ಲ.