ಬಿಸಿಲಿಗಿಟ್ಟ ಶೆಲ್ಲುಗಳು

ಬೆಳಿಗ್ಗೆ ಎಸ್ಟೇಟಿನ ಕಣಕ್ಕೆ ಹೋದರೆ, ಒಣಗಲು ಹರಡಿದ್ದ ಕಾಫಿಯ ಪಕ್ಕದಲ್ಲೇ ರೇಡಿಯೋದ ಶೆಲ್ಲುಗಳು ಸಾಲಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಆಳುಗಳ ಮೇಸ್ತ್ರಿ ಮಂಜಣ್ಣ ಅವನ್ನು ಹಪ್ಪಳ ತಿರುವುವಷ್ಟು ಜತನದಿಂದ ಮಗುಚಿಡುತ್ತಿದ್ದರು.

ನನಗೆ ರೇಗಿತು. ಹಿಂದಿನ ಸಂಜೆಯಷ್ಟೇ ಫುಟ್‌ಬಾಲಿನಲ್ಲಿ ನಮ್ಮ ದೇಶ ಪಾಕಿಸ್ತಾನಕ್ಕೆ ಸೋತಿತ್ತು. ಗೋಣಿಬೀಡಿನ ಆ ಎಸ್ಟೇಟಿನಲ್ಲಿ ಉಳಿದವರಿಗೆಲ್ಲ ಕ್ರಿಕೆಟ್ಟಿನ ಹುಚ್ಚು. ಫುಟ್‌ಬಾಲ್ ಕಾಮೆಂಟರಿಗೆ ಕಿವಿಗೊಟ್ಟು ಕೂತವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿದ್ದ ನಾನು, ಮಂಜಣ್ಣ ಇಬ್ಬರೇ. ಶೆಲ್ಲು ಸೋತು ರೇಡಿಯೋದ ದನಿ ಸಣ್ಣಗಾಗುತ್ತಾ ಹೋಗಿತ್ತು. ಆದರೂ ಪಾಕಿಸ್ತಾನದವರು ಹೊಡೆದ ಗೋಲು ಮಾತ್ರ ಸರಿಯಾಗಿ ಕೇಳಿಸಿತ್ತು.

“ಸಾಕು ಮಾರಾಯ್ರೇ, ಇವ್ರು ಗೆಲ್ಲೋದು ಅಷ್ಟರಲ್ಲೇ ಇದೆ. ನಾನಂತೂ ಇನ್ನು ಕೇಳಲ್ಲ,” ಎಂದೆ.

ಮಂಜಣ್ಣ ತಲೆಯೆತ್ತಲಿಲ್ಲ. “ನಂಗೂ ಬೇಜಾರೇ ರೈಟ್ರೇ. ಆದ್ರೆ ಭಾನುವಾರ ಇನ್ನೊಂದು ಮ್ಯಾಚ್ ಐತಲ್ಲ. ಬಿಸಿಲು ಕಂಡ್ರೆ ಇವು ಅರ್ಧ ಆಟನಾದ್ರೂ ಮಾತಾಡ್ತವೆ.”

“ಉಳಿದರ್ಧ?”

“ಉಳಿದರ್ಧದಲ್ಲಿ ಗೆದ್ರು ಅಂದ್ಕೊಂಡ್ರಾಯ್ತು.”

ನಗುವಷ್ಟು ತ್ರಾಣವೂ ನನಗಿರಲಿಲ್ಲ. ಆಳುಗಳ ಹಾಜರಿ ಹಾಕಲು ಹೋದೆ.

ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ದಪ್ಪ ಹನಿಗಳು ಬಿದ್ದವು. ಆಳುಗಳೆಲ್ಲ ಕಾಫಿಯನ್ನು ಬಳಿದು ರಾಶಿ ಮಾಡಿ ಟಾರ್ಪಾಲು ಹೊದಿಸಲು ಓಡಿದರು. ನಾನೂ ಓಡಿದೆ. ರೈಟರಾದವನು ಮೊದಲು ಉಳಿಸಬೇಕಾದದ್ದು ಧಣಿಗಳ ಕಾಫಿಯನ್ನು. ಟಾರ್ಪಾಲಿನ ತುದಿ ಹಿಡಿಯಲು ಬಗ್ಗಿದಾಗ ನನ್ನ ಅಂಗಿಯ ಜೇಬು ಭಾರವಾಗಿ ಜೋತುಬಿತ್ತು. ಶೆಲ್ಲುಗಳು ಆಗಲೇ ಅದರೊಳಗಿದ್ದವು, ಇನ್ನೂ ಬೆಚ್ಚಗೆ.