ವಾಸಿಯಾಗದ ಮಂಡಿಯ ಸಾಕ್ಷಿ

ನನ್ನ ಎಡಗಾಲಿನ ಮಂಡಿನೋವು ಇನ್ನೂ ವಾಸಿಯಾಗಿಲ್ಲ. ಇಷ್ಟು ಸಣ್ಣ ನಿಜ ಹೇಳುವುದಕ್ಕೆ ಎಷ್ಟು ಧೈರ್ಯ ಬೇಕೆಂದು ನಿಮಗೆ ಗೊತ್ತಿಲ್ಲದಿದ್ದರೆ, ನೀವು ನಮ್ಮ ಪ್ರಾರ್ಥನಾ ಕೂಟಕ್ಕೆ ಬಂದಿಲ್ಲವೆಂದು ಅರ್ಥ.

ನಾನು ಕೊಳ್ಳೇಗಾಲದ ಕಡೆಯವಳು. ಹುಟ್ಟಿನಿಂದ ಕ್ರೈಸ್ತಳು, ಅದೂ ತೀರಾ ಮೆತ್ತಗಿನ ಬಗೆಯವಳು. ಗಂಡನಿಗೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ತಮಿಳು ಸೀಮೆಯ ಈ ಪೆರಿಯನಾಯಕನಪಾಳ್ಯಂಗೆ ಬಂದೆವು. ಇಲ್ಲಿಯ ಕೂಟದಲ್ಲಿ ಹನ್ನೆರಡು ಹೆಂಗಸರು ಭಾನುವಾರ ಮಧ್ಯಾಹ್ನ ಒಟ್ಟಿಗೇ ಗಟ್ಟಿಯಾಗಿ ಪ್ರಾರ್ಥಿಸುತ್ತೇವೆ. ಉಳಿದವರ ಕೈಗಳು ಮೇಲೇಳುತ್ತವೆ. ನನ್ನವು ಸೆರಗು ಹುಡುಕುತ್ತವೆ.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ರುಕ್ಮಿಣಿ, ಇದೇ ಸೀಮೆಯ ಸೋಮನೂರಿನ ನೇಕಾರರ ಮನೆಯ ಮಗಳು. ಮನೆಮಾತು ಕನ್ನಡ, ಓದುಬರಹವೆಲ್ಲ ತಮಿಳು. ತವರಿನಲ್ಲಿ ಯಾರೂ ಹಿಡಿಯದ ಕ್ರಿಸ್ತನ ದಾರಿಯನ್ನು ಒಬ್ಬಳೇ ಹಿಡಿದವಳೆಂದು ಅವಳ ಮೇಲೆ ನನಗೆ ಗೌರವ, ಸ್ವಲ್ಪ ಹೆದರಿಕೆ ಕೂಡ. ಈ ಊರಲ್ಲಿ ನನಗಿರುವ ಗೆಳತಿಯೂ ಅವಳೊಬ್ಬಳೇ.

ಹೋದ ತಿಂಗಳು ಎಲ್ಲರೂ ಸೇರಿ ನನ್ನ ಮಂಡಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಷ್ಟು ಕೈಗಳ ಬಿಸಿಗೋ ಏನೋ, ಎರಡು ದಿನ ಹಗುರವೆನಿಸಿದ್ದು ನಿಜ. ಮೂರನೆಯ ದಿನ ನೋವು ವಾಪಸು ಬಂತು. ಅಷ್ಟರಲ್ಲಿ, ಮುಂದಿನ ವಾರ ನಾನು ಸಾಕ್ಷಿ ಹೇಳುವುದೆಂದು ತೀರ್ಮಾನವಾಗಿತ್ತು. ಸಾಕ್ಷಿಯೆಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಎದ್ದು ನಿಂತು ಹೇಳುವುದು. ನನಗೆ ಎದ್ದು ನಿಲ್ಲುವುದೇ ಕಷ್ಟವಿತ್ತೆನ್ನುವುದು ಬೇರೆ ಮಾತು.

ನೋವು ಹೋಗಿಲ್ಲವೆಂದು ರುಕ್ಮಿಣಿಗೆ ಮೊದಲೇ ತಿಳಿಸಿದೆ. ಅವಳು ಒಪ್ಪಲಿಲ್ಲ.

“ವಾಸಿಯಾಯ್ತು ಅಂತ ಮೊದಲು ಬಾಯಲ್ಲಿ ಹೇಳ್ಬುಡಿ ಅಕ್ಕಾ. ಅದು ತಾನೇ ವಿಶ್ವಾಸ? ಆಮೇಲೆ ಆಗುತ್ತೆ.”

ವಾರವಿಡೀ ತಲೆ ಕೆಟ್ಟುಹೋಯಿತು. ಆಗದ್ದನ್ನು ಆಯಿತೆನ್ನುವುದು ನಂಬಿಕೆಯೋ ಸುಳ್ಳೋ? ಸಾಕ್ಷಿ ಎಂಬ ಮಾತಿನೊಳಗೇ ಅಕ್ಷಿ ಇದೆ, ಅಂದರೆ ಕಣ್ಣು. ಕಂಡದ್ದನ್ನು ಹೇಳುವವರು ಸಾಕ್ಷಿ. ನನ್ನ ಕಣ್ಣಿಗೆ ಕಂಡದ್ದು ಊತ. ಹಾಗಂತ ಧೈರ್ಯ ತಂದುಕೊಳ್ಳುತ್ತಿದ್ದಂತೆ ಇನ್ನೊಂದು ಮನಸ್ಸು ಕೇಳುತ್ತಿತ್ತು: ಹನ್ನೊಂದು ಜನ ಒಂದೇ ಮಾತು ಹೇಳುವಾಗ ತಪ್ಪು ನಿನ್ನ ಮಂಡಿಯದೇ ಯಾಕಾಗಿರಬಾರದು?

ಭಾನುವಾರ ಗೋಡೆ ಹಿಡಿದು ಎದ್ದೆ. “ನೋವು ಇನ್ನೂ ಇದೆ. ನೀವೆಲ್ಲ ನನಗೋಸ್ಕರ ಬೇಡಿಕೊಂಡಿರಿ, ಅದನ್ನ ಮರೆಯಲ್ಲ” ಎಂದು ಕೂತುಬಿಟ್ಟೆ. ಯಾರೋ ಗಡಿಬಿಡಿಯಲ್ಲಿ ಹಾಡು ಶುರುಮಾಡಿದರು. ಕೂಟ ನಡೆಯುವ ಮನೆಯಾಕೆ ನನ್ನ ವಿಶ್ವಾಸ ಇನ್ನಷ್ಟು ಬಲಿಯಬೇಕೆಂದು ಮೆಲ್ಲಗೆ ಹೇಳಿದರು. ಕಾಪಿ ನನಗೆ ಕೊನೆಗೆ ಬಂತು, ಅಥವಾ ನನಗೆ ಹಾಗನ್ನಿಸಿತು.

ಬಸ್ ಸ್ಟಾಪಿನವರೆಗೆ ರುಕ್ಮಿಣಿ ಎರಡು ಹೆಜ್ಜೆ ಮುಂದೆಯೇ ನಡೆದಳು. ಇದ್ದೊಬ್ಬ ಗೆಳತಿಯನ್ನೂ ಕಳೆದುಕೊಂಡೆನೆಂದುಕೊಂಡೆ. ಆಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದಳು:

“ನಮ್ಮಪ್ಪ ನನ್ನ ಹತ್ರ ಮಾತು ಬಿಟ್ಟು ಆರು ವರ್ಷ ಆಯ್ತು ಅಕ್ಕಾ. ಎಲ್ಲಾ ಸರಿಹೋಯ್ತು ಅಂತ ಎರಡು ತಡವೆ ಸಾಕ್ಷಿ ಹೇಳಿದೀನಿ.”

ಸರಿಹೋಗುತ್ತದೆ ಎಂದು ನಾನು ಹೇಳಲಿಲ್ಲ. ಗೊತ್ತಿದ್ದರೆ ತಾನೇ ಹೇಳುವುದು. ಅವಳಪ್ಪನ ಹೆಸರು ಕೇಳಿದೆ. ಹೇಳಿದಳು.

ನಾನು ಮಾಡಿದ್ದು ಧೈರ್ಯವೋ ಬರೀ ಹಟವೋ ಇವತ್ತಿಗೂ ತಿಳಿದಿಲ್ಲ. ಆದರೆ ಈಗ ಬೆಳಿಗ್ಗೆ ದೇವರನ್ನು ನೆನೆದರೆ ಮೊದಲು ಬಾಯಿಗೆ ಬರುವುದು ನಾನು ಕಂಡೇ ಇರದ ಆ ಮುದುಕರ ಹೆಸರು. ನನ್ನ ಬೇಡಿಕೆಗಳ ಸರದಿ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ.